ದೋಣಿಯ ಎಂಜಿನ್ ಕಿರುಚುತ್ತಿದೆಯೇ? ಬೆಲ್ಟ್ ಬಿಗಿ ಮಾಡುವ ಮೊದಲು ನೋಡಬೇಕಾದದ್ದು

ದೋಣಿಯ ಎಂಜಿನ್ ಚಾಲೂ ಮಾಡಿದ ಕೂಡಲೇ ಕಿವಿಗೆ ಚುಚ್ಚುವಂಥ ಕೀರಲು ಸದ್ದು ಕೇಳಿಬಂದರೆ ಹೆಚ್ಚಿನವರ ಕೈ ಮೊದಲು ಹೋಗುವುದು ಸ್ಪ್ಯಾನರಿನ ಕಡೆಗೆ. ಬೆಲ್ಟಿನಿಂದ ತಿರುಗಿ ಬ್ಯಾಟರಿ ತುಂಬಿಸುವ ಆಲ್ಟರ್ನೇಟರಿನ ಬೋಲ್ಟ್ ಸಡಿಲಿಸಿ, ಅದನ್ನು ಹೊರಗೆ ಎಳೆದು ಬೆಲ್ಟ್ ಬಿಗಿ ಮಾಡಿ, ಸದ್ದು ನಿಂತಿತೆಂದು ಹೊರಟುಬಿಡುತ್ತಾರೆ. ನಾನೂ ಒಮ್ಮೆ ಹಾಗೆಯೇ ಮಾಡಿದ್ದೆ. ಸದ್ದು ನಿಂತದ್ದು ನಿಜ. ಆದರೆ ಎರಡು ತಿಂಗಳೊಳಗೆ ಆಲ್ಟರ್ನೇಟರಿನ ಮುಂದಿನ ಬೇರಿಂಗ್ ಗೊರಗೊರ ಎನ್ನತೊಡಗಿತು, ಅದರ ಹಿಂದೆಯೇ ನೀರಿನ ಪಂಪಿನ ಸೀಲ್ ಸೋರತೊಡಗಿತು. ಎಲ್ಲವನ್ನೂ ಬಿಚ್ಚಿ ನೋಡಿದಾಗ ತಿಳಿದದ್ದೇನೆಂದರೆ, ಬೆಲ್ಟ್ ಎಂದೂ ಸಡಿಲವಾಗಿರಲೇ ಇಲ್ಲ. ಬೆಲ್ಟ್ ಸುತ್ತುವ ಗಾಲಿಯಾದ ಪುಲ್ಲಿಯ ಕಾಲುವೆಯಲ್ಲಿ ಕಟ್ಟಿದ್ದ ತುಕ್ಕು ಅದನ್ನು ಅರೆದು ನುಣುಪು ಮಾಡಿತ್ತು. ಹತ್ತು ನಿಮಿಷ ನೋಡುವುದಕ್ಕೆ ಬೇಸರಪಟ್ಟದ್ದರಿಂದ ಎರಡು ಬಿಡಿಭಾಗಗಳನ್ನು ಕಳೆದುಕೊಂಡಂತಾಯಿತು.

ಬೆಲ್ಟ್ ಏಕೆ ಕಿರುಚುತ್ತದೆ ಎಂಬುದನ್ನು ಅರಿತರೆ ಮುಂದಿನ ಹುಡುಕಾಟ ಸುಲಭವಾಗುತ್ತದೆ. ಹಿಡಿತ ಸಾಲದಾದಾಗ ರಬ್ಬರ್ ಪುಲ್ಲಿಯ ಲೋಹವನ್ನು ಹಿಡಿಯುತ್ತದೆ, ಬಿಡುತ್ತದೆ, ಮತ್ತೆ ಹಿಡಿಯುತ್ತದೆ. ಈ ಹಿಡಿತ ಮತ್ತು ಜಾರಿಕೆ ಸೆಕೆಂಡಿಗೆ ನೂರಾರು ಬಾರಿ ನಡೆದಾಗ ಬೆಲ್ಟ್ ಮೀಟಿದ ತಂತಿಯಂತೆ ಮಿಡಿದು ಸದ್ದು ಮಾಡುತ್ತದೆ. ಹಿಡಿತ ಸಾಲದಿರುವುದಕ್ಕೆ ಬೆಲ್ಟಿನ ಸಡಿಲತೆ ಒಂದು ಕಾರಣ ಮಾತ್ರ. ಬೆಲ್ಟಿನ ಮೇಲೆ ಎಣ್ಣೆ ಬಿದ್ದಿರಬಹುದು, ಪುಲ್ಲಿಗಳು ಒಂದೇ ಸಾಲಿನಲ್ಲಿ ಇಲ್ಲದಿರಬಹುದು, ಬೆಲ್ಟ್ ತಿರುಗಿಸಬೇಕಾದ ಯಂತ್ರವೇ ಬೇರಿಂಗ್ ಕೆಟ್ಟು ತಿರುಗಲು ಒಲ್ಲದಿರಬಹುದು, ಇಲ್ಲವೇ ಅದರ ಮೇಲಿನ ಹೊರೆ ಬೆಲ್ಟಿನ ತಾಕತ್ತನ್ನು ಮೀರಿರಬಹುದು. ಈ ನಾಲ್ಕರಲ್ಲಿಯೂ ಬಿಗಿ ಮಾಡುವುದು ಮದ್ದಲ್ಲ. ಇನ್ನು ಕೆಲವು ಸಲ ಸದ್ದಿಗೂ ಬೆಲ್ಟಿಗೂ ಸಂಬಂಧವೇ ಇರುವುದಿಲ್ಲ.

ಕೈ ಹಾಕುವ ಮುನ್ನ

ಪೆಟ್ರೋಲ್ ಎಂಜಿನ್ ಇರುವ ದೋಣಿಯಾದರೆ ಮುಚ್ಚಳ ತೆಗೆದು, ಮೂಗಿನಿಂದ ವಾಸನೆ ನೋಡಿ, ಗಾಳಿ ಹೊರಹಾಕುವ ಬ್ಲೋವರನ್ನು ಕನಿಷ್ಠ 4 ನಿಮಿಷ ಓಡಿಸಿದ ಮೇಲೆಯೇ ಎಂಜಿನ್ ಚಾಲೂ ಮಾಡಬೇಕು. ಪೆಟ್ರೋಲಿನ ಆವಿ ಗಾಳಿಗಿಂತ ಭಾರವಾದ್ದರಿಂದ ಅದು ದೋಣಿಯ ತಳದಲ್ಲಿ ಶೇಖರವಾಗಿ ಕೂರುತ್ತದೆ, ತಾನಾಗಿ ಹೊರಗೆ ಹೋಗುವುದಿಲ್ಲ. ಮುಚ್ಚಿದ ಶೆಡ್ಡಿನೊಳಗೆ ಎಂಜಿನ್ ಓಡಿಸಿ ಸದ್ದು ಕೇಳುವ ಕೆಲಸ ಬೇಡ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ತಿರುಗುತ್ತಿರುವ ಎಂಜಿನ್ನಿನ ಬಳಿ ಕಣ್ಣು ಮತ್ತು ಕಿವಿಗೆ ಮಾತ್ರ ಕೆಲಸ. ಸಡಿಲವಾದ ತೋಳು, ಜೋತುಬಿದ್ದ ದಾರ, ಬಿಚ್ಚಿದ ಕೂದಲು, ಉಂಗುರ, ಬಳೆ, ಕೈಗಡಿಯಾರ ಯಾವುದೂ ಇರಬಾರದು. ಕೈ ಒಳಗೆ ಹಾಕಬೇಕಾದಾಗ ಎಂಜಿನ್ ನಿಲ್ಲಿಸಿ, ಕೀಲಿ ತೆಗೆದು ಜೇಬಿಗೆ ಹಾಕಿಕೊಂಡು, ಬ್ಯಾಟರಿಯ ಮುಖ್ಯ ಸ್ವಿಚ್ ಆಫ್ ಮಾಡಬೇಕು. ಆದರೆ ಎಂಜಿನ್ ಓಡುತ್ತಿರುವಾಗ ಆ ಸ್ವಿಚ್ಚನ್ನು ಆಫ್ ಮಾಡಬಾರದು, ಹಾಗೆ ಮಾಡಿದರೆ ಆಲ್ಟರ್ನೇಟರಿನ ಡಯೋಡುಗಳು ಸುಟ್ಟುಹೋಗುವ ಸಂಭವವಿದೆ.

ದೋಣಿ ದಡದ ಮೇಲಿದ್ದರೆ ನೀರಿನ ವ್ಯವಸ್ಥೆ ಮಾಡದೆ ಒಂದು ಕ್ಷಣವೂ ಎಂಜಿನ್ ಓಡಿಸಬಾರದು. ಔಟ್‌ಬೋರ್ಡ್ (ದೋಣಿಯ ಹಿಂಬದಿಗೆ ಹೊರಗೆ ತೂಗುವ ಎಂಜಿನ್) ಮತ್ತು ಸ್ಟರ್ನ್‌ಡ್ರೈವುಗಳಲ್ಲಿ (ಎಂಜಿನ್ ಒಳಗಿದ್ದು ಪ್ರೊಪೆಲ್ಲರಿನ ಘಟಕ ಹಿಂಬದಿಯ ಹೊರಗಿರುವಂಥದ್ದು) ಕೆಳಭಾಗದ ನೀರಿನ ಕಿಂಡಿಗಳಿಗೆ ರಬ್ಬರ್ ಬಟ್ಟಲುಗಳನ್ನು ಕೂರಿಸಿ, ನಲ್ಲಿಯ ನೀರು ಬಿಟ್ಟ ನಂತರ ಚಾಲೂ ಮಾಡಬೇಕು. ನೀರು ಬೆರೆತ ಹೊಗೆಕೊಳವೆಯಿರುವ ಇನ್‌ಬೋರ್ಡ್ (ದೋಣಿಯ ಒಳಗೇ ಇರುವ) ಎಂಜಿನ್ನಿನ ಒಳಹರಿವಿಗೆ ನೇರವಾಗಿ ನಲ್ಲಿಯ ಪೈಪ್ ಜೋಡಿಸಿದ್ದರೆ ಕ್ರಮ ತಿರುವುಮುರುವು: ಮೊದಲು ಎಂಜಿನ್, ಆಮೇಲೆ ನೀರು, ನಿಲ್ಲಿಸುವಾಗ ಮೊದಲು ನೀರು ನಿಲ್ಲಿಸಿ, ಆಮೇಲೆ ಎಂಜಿನ್. ಎಂಜಿನ್ ಓಡದಿರುವಾಗ ಒತ್ತಡದ ನೀರು ಹರಿದರೆ ಅದು ಹೊಗೆಪೆಟ್ಟಿಗೆ ತುಂಬಿ ಸಿಲಿಂಡರಿಗೇ ಇಳಿಯಬಹುದು. ಈ ತಲೆನೋವು ಬೇಡವೆಂದಾದರೆ ಒಳಹರಿವಿನ ಪೈಪನ್ನು ನೀರು ತುಂಬಿದ ದೊಡ್ಡ ಬಕೆಟ್ಟಿಗೆ ಇಳಿಬಿಟ್ಟು, ಬಕೆಟ್ ಬರಿದಾಗದಂತೆ ನೋಡಿಕೊಳ್ಳುವುದು ಸುರಕ್ಷಿತ ಹಾದಿ.

ಉಪಕರಣಗಳು ಹೆಚ್ಚೇನೂ ಬೇಡ. ಒಳ್ಳೆಯ ಟಾರ್ಚ್, ನೇರವಾದ ಒಂದು ಉಕ್ಕಿನ ಪಟ್ಟಿ, ಶುದ್ಧ ನೀರು ತುಂಬಿದ ಸ್ಪ್ರೇ ಬಾಟಲಿ, ಮಲ್ಟಿಮೀಟರ್, ಸುಮಾರು ಎರಡು ಅಡಿ ಉದ್ದದ ಮರದ ಕೋಲು, ಮತ್ತು ಆ ಎಂಜಿನ್ನಿಗೆ ಹೊಂದುವ ಸ್ಪ್ಯಾನರುಗಳು ಸಾಕು.

ಮೊದಲ ಹೆಜ್ಜೆ: ಸದ್ದು ಯಾವಾಗ ಬರುತ್ತದೆ?

ಎಲ್ಲಿಂದ ಎಂಬ ಪ್ರಶ್ನೆಗಿಂತ ಯಾವಾಗ ಎಂಬ ಪ್ರಶ್ನೆ ಹೆಚ್ಚು ಫಲ ಕೊಡುತ್ತದೆ, ಏಕೆಂದರೆ ಎಂಜಿನ್ ಕೋಣೆಯ ಇಕ್ಕಟ್ಟಿನಲ್ಲಿ ಸದ್ದು ಗೋಡೆಯಿಂದ ಗೋಡೆಗೆ ಪುಟಿದು ಕಿವಿಯನ್ನು ಸುಲಭವಾಗಿ ಮೋಸಗೊಳಿಸುತ್ತದೆ. ತಣ್ಣಗಿರುವ ಎಂಜಿನ್ನನ್ನು ಚಾಲೂ ಮಾಡುವುದರಿಂದ ಆರಂಭಿಸಿ ಗಮನವಿಟ್ಟು ಕೇಳಿರಿ.

ಕೀಲಿ ತಿರುಗಿಸಿದೊಡನೆ, ಎಂಜಿನ್ ಇನ್ನೂ ಹೊತ್ತಿಕೊಳ್ಳುವ ಮೊದಲೇ ಒಂದೇ ಸ್ವರದ ಕೂಗು ಬಂದರೆ ಅದು ಎಚ್ಚರಿಕೆಯ ಬಝರ್. ಎಣ್ಣೆಯ ಒತ್ತಡ ಇಳಿದಾಗಲೂ ಎಂಜಿನ್ ಕಾದಾಗಲೂ ಅದೇ ಬಝರ್ ಕೂಗುತ್ತದೆ. ಅದನ್ನು ಬೆಲ್ಟಿನ ಸದ್ದೆಂದು ತಿಳಿದು ಎಂಜಿನ್ ಓಡಿಸುತ್ತಲೇ ಹುಡುಕುತ್ತ ಕೂರುವವರುಂಟು, ಆದ್ದರಿಂದ ಆ ಬಝರಿನ ಸ್ವರವನ್ನು ಒಮ್ಮೆ ಕೇಳಿ ನೆನಪಿಟ್ಟುಕೊಳ್ಳುವುದು ಒಳ್ಳೆಯದು. ಎಂಜಿನ್ ಹೊತ್ತಿಕೊಂಡು ಕೀಲಿ ಬಿಟ್ಟ ಮೇಲೂ ಲೋಹದ ಚೀತ್ಕಾರ ಮುಂದುವರಿದರೆ ಸ್ಟಾರ್ಟರಿನ ಹಲ್ಲುಗಾಲಿ ಹಿಂದೆ ಸರಿಯದೆ ಸಿಕ್ಕಿಕೊಂಡಿರಬಹುದು; ತಕ್ಷಣ ಎಂಜಿನ್ ನಿಲ್ಲಿಸಬೇಕು.

ಚಾಲೂ ಆದ ಮೇಲೆ ಒಂದೆರಡು ನಿಮಿಷ ಕಿರುಚಿ ತಾನಾಗಿ ನಿಲ್ಲುವ ಸದ್ದು ಎಲ್ಲಕ್ಕಿಂತ ಹೆಚ್ಚಾಗಿ ಕಾಣಸಿಗುವಂಥದ್ದು. ಎಂಜಿನ್ ಎಬ್ಬಿಸಲು ಬ್ಯಾಟರಿ ಖರ್ಚು ಮಾಡಿದ್ದನ್ನು ಆಲ್ಟರ್ನೇಟರ್ ಭರಿಸುತ್ತಿರುವಾಗ ಅದರ ಹೊರೆ ಗರಿಷ್ಠವಾಗಿರುತ್ತದೆ, ಬ್ಯಾಟರಿ ತುಂಬುತ್ತ ಬಂದಂತೆ ಹೊರೆ ಇಳಿದು ಜಾರುವುದೂ ನಿಲ್ಲುತ್ತದೆ. ರಾತ್ರಿಯ ತೇವ ಬೆಲ್ಟಿನ ಮೇಲೆ ಕೂತಿದ್ದರೂ ಬೆಳಗಿನ ಹೊತ್ತು ಇಂಥದೇ ಸದ್ದು ಬರುತ್ತದೆ, ಆದರೆ ಅದು ಕೆಲವೇ ಸೆಕೆಂಡುಗಳದ್ದು. ಫ್ರಿಜ್, ದೀಪಗಳು ಅಥವಾ ಲಂಗರು ಎತ್ತುವ ವಿದ್ಯುತ್ ರಾಟೆ ಹಚ್ಚಿದಾಗಲೆಲ್ಲ ಸದ್ದು ಮರುಕಳಿಸಿದರೆ ಬೆರಳು ತೋರಬೇಕಾದದ್ದು ಆಲ್ಟರ್ನೇಟರಿನ ಕಡೆಗೆ.

ಥ್ರಾಟಲ್ ದಿಢೀರನೆ ಏರಿಸಿದಾಗ ಮಾತ್ರ ಕಿರುಚಿ ಸುಮ್ಮನಾಗುವುದು ಬೆಲ್ಟ್ ಜಾರುವುದರ ಲಕ್ಷಣ. ವೇಗ ಏರಿದಂತೆ ಸ್ವರವೂ ಏರುತ್ತ, ವೇಗ ಇಳಿದಂತೆ ಇಳಿಯುತ್ತ, ಎಡೆಬಿಡದೆ ಕೇಳಿಸುವುದು ಬೇರಿಂಗಿನ ಲಕ್ಷಣ. ಹಕ್ಕಿ ಕೂಗಿದಂತೆ ಚಿರ್ ಚಿರ್ ಎಂದು ತಾಳಬದ್ಧವಾಗಿ ಬರುವುದು ಪುಲ್ಲಿಗಳ ಸಾಲು ತಪ್ಪಿರುವುದರ, ಇಲ್ಲವೇ ಬೆಲ್ಟಿನಲ್ಲಿ ಒಂದು ಕಡೆ ಗಾಯವಾಗಿರುವುದರ ಗುರುತು. ಚುಕ್ಕಾಣಿಯನ್ನು ಕೊನೆಯವರೆಗೆ ತಿರುಗಿಸಿದಾಗ ನರಳಿದರೆ ಪವರ್ ಸ್ಟೀರಿಂಗಿನ ಎಣ್ಣೆಯ ಮಟ್ಟ ನೋಡಬೇಕು.

ಇದರ ನಂತರ ಒಂದು ಸರಳ ಪರೀಕ್ಷೆ ಇದೆ. ದೋಣಿಯನ್ನು ನೀರಿನಲ್ಲೇ ಭದ್ರವಾಗಿ ಕಟ್ಟಿ, ಗೇರನ್ನು ನ್ಯೂಟ್ರಲ್‌ನಲ್ಲಿಟ್ಟು ಎಂಜಿನ್ನಿನ ವೇಗ ಏರಿಸಿ ನೋಡಿರಿ, ಆಮೇಲೆ ನಿಧಾನ ವೇಗದಲ್ಲಿ ಗೇರ್ ಹಾಕಿ ನೋಡಿರಿ. ನ್ಯೂಟ್ರಲ್‌ನಲ್ಲಿ ಇಲ್ಲದ ಸದ್ದು ಗೇರ್ ಹಾಕಿದಾಗ ಮಾತ್ರ ಬಂದರೆ ಅದು ಎಂಜಿನ್ನಿನ ಮುಂಭಾಗದ ಬೆಲ್ಟುಗಳದ್ದಲ್ಲ, ಪ್ರೊಪೆಲ್ಲರನ್ನು ತಿರುಗಿಸುವ ಶಾಫ್ಟಿನ ಕಡೆಯದು; ಅಂಥವರು ನಡುವಿನ ಭಾಗಗಳನ್ನು ಬಿಟ್ಟು ನೇರವಾಗಿ ಶಾಫ್ಟಿನ ಭಾಗಕ್ಕೆ ಹೋಗಬಹುದು.

ಎರಡನೆಯ ಹೆಜ್ಜೆ: ಬೆಲ್ಟ್ ಮತ್ತು ಪುಲ್ಲಿ

ಎಂಜಿನ್ ನಿಧಾನಗತಿಯಲ್ಲಿ ಓಡುತ್ತ ಸದ್ದು ಮಾಡುತ್ತಿರುವಾಗ ಬೆಲ್ಟಿನ ಒಳಮೈಗೆ ಸ್ಪ್ರೇ ಬಾಟಲಿಯಿಂದ ಸ್ವಲ್ಪವೇ ನೀರು ಚಿಮುಕಿಸಿರಿ. ಬಾಟಲಿ ಹಿಡಿದ ಕೈ ಬೆಲ್ಟಿನಿಂದ ದೂರವಿರಲಿ, ನೀರು ವಿದ್ಯುತ್ ಭಾಗಗಳ ಮೇಲೆ ಬೀಳದಿರಲಿ. ನೀರು ಬಿದ್ದೊಡನೆ ಸದ್ದು ಜೋರಾದರೆ ಬೆಲ್ಟ್ ಜಾರುತ್ತಿದೆ, ಅಂದರೆ ಬಿಗಿ ಸಾಲದು ಅಥವಾ ಹೊರೆ ಹೆಚ್ಚು. ಸದ್ದು ಅಡಗಿ, ನೀರು ಆರಿದ ಮೇಲೆ ಮತ್ತೆ ಬಂದರೆ ಪುಲ್ಲಿಗಳು ಸಾಲು ತಪ್ಪಿವೆ. ಏನೂ ಬದಲಾಗದಿದ್ದರೆ ಬೇರಿಂಗಿನ ಕಡೆ ಸಂದೇಹಪಡಬೇಕು. ಒಂದು ಲೋಟ ನೀರೂ ಖರ್ಚಾಗದ ಈ ಪರೀಕ್ಷೆ ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳದ್ದು. ಬೆಲ್ಟಿಗೆಂದು ಡಬ್ಬಿಯಲ್ಲಿ ಸಿಗುವ ಅಂಟುದ್ರವವನ್ನು ಮಾತ್ರ ಹಾಕಲೇಬೇಡಿ. ಅದು ಸದ್ದನ್ನು ಒಂದೆರಡು ದಿನ ಮುಚ್ಚುತ್ತದೆ, ಆಮೇಲೆ ದೂಳನ್ನೂ ರಬ್ಬರಿನ ಪುಡಿಯನ್ನೂ ಹಿಡಿದಿಟ್ಟುಕೊಂಡು ಮೊದಲಿಗಿಂತ ಹೆಚ್ಚು ತೊಂದರೆ ಕೊಡುತ್ತದೆ.

ಎಂಜಿನ್ ನಿಲ್ಲಿಸಿ ಟಾರ್ಚ್ ಹಿಡಿದು ಬೆಲ್ಟಿನ ಸುತ್ತಮುತ್ತ ನೋಡಿರಿ. ಪುಲ್ಲಿಯ ಆಸುಪಾಸು ಮಸಿಯಂಥ ಕಪ್ಪು ಪುಡಿ ಹರಡಿದ್ದರೆ ಬೆಲ್ಟ್ ಸವೆಯುತ್ತಿದೆ ಎಂದರ್ಥ. ವಿ-ಬೆಲ್ಟ್ (ಅಡ್ಡ ಕೊಯ್ದರೆ ಇಂಗ್ಲಿಷಿನ V ಆಕಾರ ಕಾಣುವ ಬೆಲ್ಟ್) ಪುಲ್ಲಿಯನ್ನು ಹಿಡಿಯಬೇಕಾದದ್ದು ತನ್ನ ಎರಡು ಪಕ್ಕೆಗಳಿಂದ; ಅದು ಕಾಲುವೆಯ ತಳ ಮುಟ್ಟಿ ತಳವೇ ಹೊಳೆಯುತ್ತಿದ್ದರೆ ಆ ಬೆಲ್ಟನ್ನು ಎಷ್ಟು ಬಿಗಿ ಮಾಡಿದರೂ ಹಿಡಿತ ಬರದು, ಬದಲಿಸುವುದೊಂದೇ ದಾರಿ. ಪಕ್ಕೆಗಳು ಗಾಜಿನಂತೆ ನುಣುಪಾಗಿ ಮಿನುಗುತ್ತಿದ್ದರೂ ಅಷ್ಟೇ. ಹಲವು ಗೀರುಗಳಿರುವ ಚಪ್ಪಟೆ ಬೆಲ್ಟಿನಲ್ಲಿ ಹಳೆಯ ಕಾಲದವರು ಬಿರುಕು ಹುಡುಕುತ್ತಿದ್ದರು, ಆದರೆ ಈಗಿನ ಇಪಿಡಿಎಂ ಎಂಬ ಕೃತಕ ರಬ್ಬರಿನ ಬೆಲ್ಟುಗಳು ಬಿರುಕು ಬಿಡದೆಯೇ ಒಳಗೊಳಗೆ ಸವೆಯುತ್ತವೆ. ಆದ್ದರಿಂದ ಗೀರುಗಳ ಆಳ ಹೊಸ ಬೆಲ್ಟಿನಷ್ಟೇ ಇದೆಯೇ ಎಂದು ಹೋಲಿಸಿ ನೋಡಬೇಕು. ಎಣ್ಣೆ ಅಥವಾ ತಂಪುಕಾರಕ ದ್ರವದಲ್ಲಿ ನೆಂದ ಬೆಲ್ಟನ್ನು ಒರೆಸಿ ಮತ್ತೆ ಬಳಸುವುದು ದಂಡ. ಮೊದಲು ಸೋರಿಕೆ ನಿಲ್ಲಿಸಿ, ಪುಲ್ಲಿ ತೊಳೆದು, ಬಳಿಕ ಹೊಸ ಬೆಲ್ಟ್ ಹಾಕಬೇಕು.

ನೆಲದ ಮೇಲಿನ ವಾಹನಗಳಲ್ಲಿ ಅಷ್ಟಾಗಿ ಕಾಣದ, ದೋಣಿಗಳಲ್ಲಿ ಸರ್ವೇಸಾಮಾನ್ಯವಾದ ಪಿಡುಗೆಂದರೆ ಪುಲ್ಲಿಯ ತುಕ್ಕು. ಉಪ್ಪುನೀರಿನ ಗಾಳಿಗೆ ಒಡ್ಡಿಕೊಂಡು ಕೆಲವು ವಾರ ನಿಂತ ಎಂಜಿನ್ನಿನ ಪುಲ್ಲಿಯಲ್ಲಿ ಏಳುವ ತುಕ್ಕು ಮರಳುಕಾಗದದಂತೆ ಬೆಲ್ಟನ್ನು ಅರೆಯುತ್ತದೆ, ಹಾಗಾಗಿ ಹೊಸ ಬೆಲ್ಟ್ ಹಾಕಿದರೂ ಕೆಲವೇ ದಿನಗಳಲ್ಲಿ ಕಪ್ಪು ಪುಡಿ ಮತ್ತೆ ಕಾಣಿಸಿಕೊಳ್ಳುತ್ತದೆ. ಬೆಲ್ಟ್ ಬಿಚ್ಚಿದಾಗ ಕಾಲುವೆಗಳನ್ನು ನಯವಾದ ಮರಳುಕಾಗದದಿಂದ ಉಜ್ಜಿ, ಪುಡಿಯನ್ನು ಪೂರ್ತಿ ಒರೆಸಿ ತೆಗೆಯಿರಿ. ಬೆರಳಾಡಿಸಿದಾಗ ಗುಳಿಗಳು ತಗುಲಿದರೆ ಪುಲ್ಲಿಯನ್ನೇ ಬದಲಿಸುವುದು ಲೇಸು.

ಸಾಲು ನೋಡುವುದಕ್ಕೆ ಉಕ್ಕಿನ ಪಟ್ಟಿಯನ್ನು ಎರಡು ಪುಲ್ಲಿಗಳ ಮುಖದ ಮೇಲೆ ಅಡ್ಡಲಾಗಿ ಹಿಡಿಯಿರಿ. ಎರಡೂ ಪುಲ್ಲಿಗಳ ಅಂಚು ಒಂದೇ ದಪ್ಪದ್ದಾಗಿದ್ದರೆ ಪಟ್ಟಿ ನಾಲ್ಕು ಕಡೆಯೂ ತಾಗಬೇಕು. ದಪ್ಪ ಬೇರೆಯಾಗಿದ್ದರೆ ಕಾಲುವೆಯ ನಡುವಿನಿಂದ ಅಳೆಯಬೇಕು. ಒಂದೂವರೆ ಮಿಲಿಮೀಟರಿಗಿಂತ ಹೆಚ್ಚಿನ ವ್ಯತ್ಯಾಸ ಕಂಡರೆ ಆಲ್ಟರ್ನೇಟರನ್ನು ಹಿಡಿದಿರುವ ಬ್ರ್ಯಾಕೆಟ್ ಸೀಳಿದೆಯೇ, ಬೋಲ್ಟ್ ಸಡಿಲಗೊಂಡಿದೆಯೇ, ಹಿಂದೆ ಯಾರೋ ಬಿಚ್ಚಿದಾಗ ವಾಷರ್ ಬಿಟ್ಟುಹೋಗಿದೆಯೇ ಎಂದು ನೋಡಿರಿ. ಆಲ್ಟರ್ನೇಟರ್ ಬದಲಿಸಿದ ಮರುದಿನದಿಂದಲೇ ಸದ್ದು ಶುರುವಾಗಿದ್ದರೆ ಬಹುಪಾಲು ಆ ವಾಷರಿನದೇ ಕಥೆ.

ಮೂರನೆಯ ಹೆಜ್ಜೆ: ಬೆಲ್ಟ್ ಬಿಚ್ಚಿ ಕೈಯಿಂದ ತಿರುಗಿಸುವುದು

ಬೆಲ್ಟಿನ ಮಾರ್ಗವನ್ನು ಫೋನಿನಲ್ಲಿ ಚಿತ್ರ ತೆಗೆದಿಟ್ಟುಕೊಂಡು ಅದನ್ನು ಬಿಚ್ಚಿರಿ. ಈಗ ಒಂದೊಂದೇ ಪುಲ್ಲಿಯನ್ನು ಕೈಯಿಂದ ತಿರುಗಿಸಿ, ಆಮೇಲೆ ಹಿಂದೆ ಮುಂದೆ, ಮೇಲೆ ಕೆಳಗೆ ಅಲ್ಲಾಡಿಸಿ ನೋಡಿರಿ. ಒಳ್ಳೆಯ ಬೇರಿಂಗ್ ಸದ್ದಿಲ್ಲದೆ ಜಾರಿದಂತೆ ತಿರುಗುತ್ತದೆ. ಒಳಗೆ ಮರಳು ಸಿಕ್ಕಿದಂತೆ ಕರಕರ ಎಂದರೆ, ಒಂದು ಜಾಗದಲ್ಲಿ ತಡೆದು ತಡೆದು ಹೋದರೆ, ಅಥವಾ ಪುಲ್ಲಿ ಸ್ವಲ್ಪವಾದರೂ ಓಲಾಡಿದರೆ ಅದರ ಆಯುಷ್ಯ ಮುಗಿದಿದೆ. ಬೆಲ್ಟನ್ನು ದಾರಿಗೆ ತರಲೆಂದೇ ಇರುವ ಬಿಡಿ ಪುಲ್ಲಿ ಕೈಯಿಂದ ತಳ್ಳಿದಾಗ ಚಕ್ರದಂತೆ ಬಹಳ ಹೊತ್ತು ತಿರುಗುತ್ತಲೇ ಇದ್ದರೆ ಅದರೊಳಗಿನ ಗ್ರೀಸ್ ಒಣಗಿದೆ ಎಂದು ತಿಳಿಯಬೇಕು. ಗ್ರೀಸ್ ಇರುವ ಬೇರಿಂಗ್ ಒಂದೆರಡು ಸುತ್ತಿಗೆ ನಿಲ್ಲುತ್ತದೆ. ಹೊಸಬರು ಇದನ್ನು ಉಲ್ಟಾ ಅರ್ಥಮಾಡಿಕೊಳ್ಳುವುದುಂಟು.

ಬೆಲ್ಟ್ ಬಿಚ್ಚುವ ಮೊದಲೇ ಖಚಿತಪಡಿಸಿಕೊಳ್ಳಬೇಕೆಂದರೆ ಮರದ ಕೋಲಿನ ಒಂದು ತುದಿಯನ್ನು ಓಡುತ್ತಿರುವ ಯಂತ್ರದ ತಿರುಗದ ಮೈಗೆ, ಬೇರಿಂಗ್ ಇರುವ ಜಾಗಕ್ಕೆ ಸಮೀಪವಾಗಿ ಒತ್ತಿ, ಇನ್ನೊಂದು ತುದಿಯನ್ನು ಕಿವಿಯ ಬಳಿಯ ಎಲುಬಿಗೆ ತಾಗಿಸಿ ಕೇಳಬಹುದು. ಆಲ್ಟರ್ನೇಟರ್, ನೀರಿನ ಪಂಪು, ಸ್ಟೀರಿಂಗ್ ಪಂಪುಗಳನ್ನು ಒಂದರ ನಂತರ ಒಂದು ಮುಟ್ಟಿ ಕೇಳಿದರೆ ಯಾವುದು ನರಳುತ್ತಿದೆ ಎಂಬುದು ಆಶ್ಚರ್ಯವಾಗುವಷ್ಟು ಸ್ಪಷ್ಟವಾಗಿ ತಿಳಿಯುತ್ತದೆ.

ಬೆಲ್ಟ್ ಇಲ್ಲದೆ ಎಂಜಿನ್ ಓಡಿಸಿ ಸದ್ದು ಮಾಯವಾಯಿತೇ ಎಂದು ನೋಡುವ ರೂಢಿಯೂ ಇದೆ. ಆದರೆ ಹಲವು ಎಂಜಿನ್ನುಗಳಲ್ಲಿ ನೀರು ಸುತ್ತಿಸುವ ಪಂಪು ಅದೇ ಬೆಲ್ಟಿನಿಂದ ತಿರುಗುವುದರಿಂದ ಹಾಗೆ ಓಡಿಸುವುದು 15ರಿಂದ 20 ಸೆಕೆಂಡಿಗೆ ಮೀರಬಾರದು, ಅದೂ ಎಂಜಿನ್ ತಣ್ಣಗಿರುವಾಗ ಮಾತ್ರ.

ಬೆಲ್ಟ್ ಕೂರಿಸುವುದು, ಬಿಗಿ ನೋಡುವುದು

ಹೊಸ ಬೆಲ್ಟನ್ನು ಸ್ಕ್ರೂ ಡ್ರೈವರಿನಿಂದ ಮೀಟಿ ಪುಲ್ಲಿಯ ಅಂಚು ಹಾರಿಸಬಾರದು. ಹೊರಗೆ ಕಾಣದಂತೆ ಒಳಗಿನ ನೂಲುಗಳು ತುಂಡಾಗಿ ಬೆಲ್ಟ್ ಬೇಗ ಹರಿಯುತ್ತದೆ. ಆಲ್ಟರ್ನೇಟರನ್ನು ಪೂರ್ತಿ ಒಳಗೆ ತಳ್ಳಿದರೆ ಬೆಲ್ಟ್ ಸಲೀಸಾಗಿ ಕೂರಬೇಕು. ಎರಡು ಬೆಲ್ಟುಗಳು ಜೋಡಿಯಾಗಿ ಓಡುವ ಕಡೆ ಎರಡನ್ನೂ ಒಟ್ಟಿಗೇ ಬದಲಿಸಬೇಕು, ಇಲ್ಲವಾದರೆ ಹಳೆಯದು ಹಿಗ್ಗಿರುವುದರಿಂದ ಇಡೀ ಹೊರೆ ಹೊಸದರ ಮೇಲೆ ಬೀಳುತ್ತದೆ.

ವಿ-ಬೆಲ್ಟಿನ ಬಿಗಿ ನೋಡಲು ಎರಡು ಪುಲ್ಲಿಗಳ ನಡುವಿನ ಅತಿ ಉದ್ದದ ಭಾಗದ ಮಧ್ಯದಲ್ಲಿ ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿರಿ. ಸಾಮಾನ್ಯವಾಗಿ 10ರಿಂದ 12 ಮಿಲಿಮೀಟರ್ ತಗ್ಗಿದರೆ ಸರಿ. ನಿಮ್ಮ ಎಂಜಿನ್ನಿನ ಕೈಪಿಡಿ ಬೇರೆ ಅಳತೆ ಹೇಳಿದ್ದರೆ ಅದೇ ಪ್ರಮಾಣ. ಇನ್ನೊಂದು ಉಪಾಯವೂ ಇದೆ: ಎಂಜಿನ್ ನಿಂತಿರುವಾಗ ಆಲ್ಟರ್ನೇಟರಿನ ಪುಲ್ಲಿಯನ್ನು ಕೈಯಿಂದ ತಿರುಗಿಸಲು ಯತ್ನಿಸಿರಿ, ಬೆಲ್ಟ್ ಕದಲದೆ ಪುಲ್ಲಿಯಷ್ಟೇ ಜಾರಿದರೆ ಬಿಗಿ ಸಾಲದು. ಆಲ್ಟರ್ನೇಟರನ್ನು ಹೊರಗೆ ಎಳೆಯಲು ಹಾರೆಯಂಥದ್ದನ್ನು ಬಳಸುವಾಗ ಅದನ್ನು ಆಲ್ಟರ್ನೇಟರಿನ ಮುಂಭಾಗದ ಗಟ್ಟಿ ಮೈಗೆ ಊರಬೇಕೇ ಹೊರತು ನಡುವಿನ ತೆಳು ಕವಚಕ್ಕಲ್ಲ.

ಹೊಸ ಬೆಲ್ಟ್ ಹಿಗ್ಗುವುದು ಸಹಜ. ಹತ್ತು ಹದಿನೈದು ನಿಮಿಷ ಎಂಜಿನ್ ಓಡಿಸಿ, ನಿಲ್ಲಿಸಿ, ಬಿಗಿಯನ್ನು ಮತ್ತೆ ನೋಡಬೇಕು; ಸುಮಾರು 10 ಗಂಟೆ ಓಡಿದ ಮೇಲೆ ಇನ್ನೊಮ್ಮೆ. ಹೊಸ ಬೆಲ್ಟ್ ಹಾಕಿದ ವಾರದಲ್ಲೇ ಸದ್ದು ಬಂತೆಂಬ ದೂರುಗಳಲ್ಲಿ ಎಷ್ಟೋ ಈ ಮರುಪರೀಕ್ಷೆ ಬಿಟ್ಟದ್ದರ ಫಲ. ಸ್ಪ್ರಿಂಗಿನಿಂದ ತಾನೇ ಬಿಗಿ ಹಿಡಿಯುವ ಟೆನ್ಷನರ್ ಇರುವ ಎಂಜಿನ್ನಿನಲ್ಲಿ ನಾವು ಬಿಗಿ ಮಾಡುವಂಥದ್ದೇನೂ ಇಲ್ಲ. ಎಂಜಿನ್ ಓಡುವಾಗ ಅದರ ತೋಳು ನಡುಗುತ್ತಿದ್ದರೆ, ಅಥವಾ ಅದರ ಸೂಚಿ ಗುರುತಿನ ಗಡಿ ದಾಟಿದ್ದರೆ ಟೆನ್ಷನರನ್ನೋ ಬೆಲ್ಟನ್ನೋ ಬದಲಿಸಬೇಕು.

ಎಲ್ಲ ಸರಿಯಿದ್ದೂ ಆಲ್ಟರ್ನೇಟರಿನ ಬೆಲ್ಟ್ ಜಾರುತ್ತಿದ್ದರೆ

ಬೆಲ್ಟ್ ಹೊಸದು, ಸಾಲು ಸರಿ, ಬಿಗಿ ಸರಿ, ಬೇರಿಂಗ್ ಚೆನ್ನಾಗಿದೆ, ಆದರೂ ಪ್ರತಿ ಬೆಳಿಗ್ಗೆ ಕಿರುಚುತ್ತದೆ ಎಂದರೆ ವಿದ್ಯುತ್ತಿನ ಲೆಕ್ಕ ನೋಡುವ ಸಮಯ ಬಂದಿದೆ. 14 ವೋಲ್ಟಿನಲ್ಲಿ 100 ಆಂಪಿಯರ್ ಹರಿಸುವ ಆಲ್ಟರ್ನೇಟರ್ 1,400 ವ್ಯಾಟ್ ವಿದ್ಯುತ್ ಕೊಡುತ್ತದೆ. ಶಾಖವಾಗಿ ವ್ಯರ್ಥವಾಗುವುದನ್ನೂ ಸೇರಿಸಿದರೆ ಅದು ಬೆಲ್ಟಿನಿಂದ ಸೆಳೆಯುವುದು ಸುಮಾರು 2.5 ಕಿಲೋವ್ಯಾಟ್. ಅರ್ಧ ಇಂಚು ಅಗಲದ ಒಂಟಿ ವಿ-ಬೆಲ್ಟಿಗೆ ಇದು ಹೆಚ್ಚುಕಡಿಮೆ ಮಿತಿ. ಅದಕ್ಕಿಂತ ದೊಡ್ಡ ಆಲ್ಟರ್ನೇಟರ್ ಕೂರಿಸಿದವರು ಜೋಡಿ ಬೆಲ್ಟಿಗೋ ಅಗಲವಾದ ಗೀರುಬೆಲ್ಟಿಗೋ ಪುಲ್ಲಿಗಳ ಸಮೇತ ಬದಲಾಗುವುದು ಅನಿವಾರ್ಯ. ಹಳೆಯ ಸೀಸದ ಬ್ಯಾಟರಿಗಳನ್ನು ತೆಗೆದು ಲಿಥಿಯಂ ಬ್ಯಾಟರಿ ಹಾಕಿದ ದೋಣಿಗಳಲ್ಲಿ ಈ ತೊಂದರೆ ಹೆಚ್ಚು, ಏಕೆಂದರೆ ಸೀಸದ ಬ್ಯಾಟರಿ ತುಂಬುತ್ತ ಬಂದಂತೆ ವಿದ್ಯುತ್ ಸೆಳೆತ ಕಡಿಮೆ ಮಾಡುತ್ತದೆ, ಲಿಥಿಯಂ ಬ್ಯಾಟರಿ ಹಾಗಲ್ಲದೆ ಬಹುತೇಕ ತುಂಬುವವರೆಗೂ ಪೂರ್ತಿ ಸೆಳೆಯುತ್ತಲೇ ಇರುತ್ತದೆ.

ಬ್ಯಾಟರಿಯೇ ಕೆಟ್ಟಿದೆಯೇ ಎಂಬುದನ್ನೂ ಅಳೆದು ನೋಡಬೇಕು. ಕೆಲವು ಗಂಟೆ ಸುಮ್ಮನಿದ್ದ 12 ವೋಲ್ಟಿನ ಸೀಸದ ಬ್ಯಾಟರಿ ಪೂರ್ತಿ ತುಂಬಿದ್ದರೆ ಸುಮಾರು 12.6 ವೋಲ್ಟ್ ತೋರಿಸುತ್ತದೆ. ಎಂಜಿನ್ ಓಡುವಾಗ ಅದು 13.8ರಿಂದ 14.4ರವರೆಗೆ ಏರಬೇಕು. ರಾತ್ರಿಯಿಡೀ ಚಾರ್ಜರಿಗೆ ಹಾಕಿದ ಬ್ಯಾಟರಿಯೊಂದಿಗೆ ಚಾಲೂ ಮಾಡಿದಾಗ ಸದ್ದು ಬಾರದಿದ್ದರೆ ಕಾರಣ ಬೆಲ್ಟಿನಲ್ಲಿ ಅಲ್ಲ, ಬ್ಯಾಟರಿಯಲ್ಲಿ ಅಥವಾ ಅದನ್ನು ಬರಿದು ಮಾಡುತ್ತಿರುವ ಉಪಕರಣಗಳಲ್ಲಿ ಇದೆ.

ಆಲ್ಟರ್ನೇಟರ್ ಬದಲಿಸಬೇಕಾಗಿ ಬಂದರೆ, ನೋಡಲು ಒಂದೇ ರೀತಿ ಇದೆಯೆಂದು ಕಾರಿನದ್ದನ್ನು ಪೆಟ್ರೋಲ್ ಎಂಜಿನ್ನಿನ ದೋಣಿಗೆ ಹಾಕಬಾರದು. ದೋಣಿಯ ಆಲ್ಟರ್ನೇಟರ್ ಮತ್ತು ಸ್ಟಾರ್ಟರುಗಳನ್ನು ಅವುಗಳ ಕಿಡಿ ಹೊರಗಿನ ಆವಿಗೆ ತಗುಲದಂತೆ ತಯಾರಿಸಿರುತ್ತಾರೆ. ಇದು ಬೆಲೆಯಲ್ಲಿ ಚೌಕಾಸಿ ಮಾಡುವ ಜಾಗವಲ್ಲ.

ನೀರಿನ ಪಂಪು

ಹೊರಗಿನ ನೀರನ್ನು ಎಳೆಯುವ ಪಂಪಿನೊಳಗೆ ರಬ್ಬರಿನ ಎಸಳುಗಳಿರುವ ಇಂಪೆಲ್ಲರ್ ಇರುತ್ತದೆ. ಅದಕ್ಕೆ ನೀರೇ ಎಣ್ಣೆ. ನೀರು ಬಾರದಾದರೆ ರಬ್ಬರ್ ಲೋಹಕ್ಕೆ ಉಜ್ಜಿ ಕೀರಲಾಗಿ ಚೀರುತ್ತದೆ, ಒಂದೆರಡು ನಿಮಿಷದೊಳಗೆ ಕರಗಿ ಹರಿದುಹೋಗುತ್ತದೆ. ಆದ್ದರಿಂದ ಯಾವುದೇ ಹೊಸ ಕೀರಲು ಸದ್ದು ಕೇಳಿದಾಗ ಮೊದಲು ನೋಡಬೇಕಾದದ್ದು ಹೊಗೆಕೊಳವೆಯಿಂದ ನೀರು ಎಂದಿನಂತೆ ಬೀಳುತ್ತಿದೆಯೇ ಎಂಬುದನ್ನು. ಬೀಳದಿದ್ದರೆ ಎಂಜಿನ್ ನಿಲ್ಲಿಸಿ ಸೀಕಾಕ್ (ಹೊರಗಿನ ನೀರನ್ನು ಒಳಬಿಡುವ ಕವಾಟ) ತೆರೆದಿದೆಯೇ, ಜಾಲರಿಯಲ್ಲಿ ಪಾಚಿ ಅಥವಾ ಪ್ಲಾಸ್ಟಿಕ್ ಕಟ್ಟಿದೆಯೇ ನೋಡಿರಿ.

ಇಂಪೆಲ್ಲರ್ ಬದಲಿಸುವಾಗ ಸೀಕಾಕ್ ಮುಚ್ಚಿ, ಪಂಪಿನ ಮುಚ್ಚಳದ ಸ್ಕ್ರೂಗಳನ್ನು ಬಿಚ್ಚಿ, ಹಳೆಯ ಎಸಳುಗಳು ಯಾವ ಕಡೆಗೆ ಬಾಗಿವೆ ಎಂಬುದನ್ನು ಗುರುತು ಮಾಡಿಕೊಳ್ಳಿರಿ. ಹೊರತೆಗೆದ ಮೇಲೆ ಎಸಳುಗಳನ್ನು ಎಣಿಸಲೇಬೇಕು. ಒಂದು ತುಂಡು ಕಡಿಮೆಯಿದ್ದರೂ ಅದು ಮುಂದೆ ಹೋಗಿ ಶಾಖ ವಿನಿಮಯ ಮಾಡುವ ಪೆಟ್ಟಿಗೆಯ ಬಾಯಲ್ಲಿ ಸಿಕ್ಕಿಕೊಂಡಿರುತ್ತದೆ, ಅದನ್ನು ಹುಡುಕಿ ತೆಗೆಯದಿದ್ದರೆ ಮುಂದಿನ ಬೇಸಿಗೆಯಲ್ಲಿ ಎಂಜಿನ್ ಕಾಯುವ ದೂರು ಖಂಡಿತ. ಹೊಸದಕ್ಕೆ ಸಾಬೂನು ನೀರು ಅಥವಾ ಗ್ಲಿಸರಿನ್ ಸವರಿ ಕೂರಿಸಬೇಕು. ಪೆಟ್ರೋಲಿಯಂ ಗ್ರೀಸ್ ರಬ್ಬರನ್ನು ಉಬ್ಬಿಸುತ್ತದೆ. ಗ್ಯಾಸ್ಕೆಟ್ ಹೊಸದಾಗಿರಲಿ. ಚಾಲೂ ಮಾಡುವ ಮೊದಲು ಸೀಕಾಕ್ ತೆರೆಯುವುದನ್ನು ಮರೆತವರ ಸಂಖ್ಯೆ ಕಡಿಮೆಯೇನಲ್ಲ, ಆ ಪಟ್ಟಿಯಲ್ಲಿ ನಾನೂ ಇದ್ದೇನೆ. ಕೀಲಿಯನ್ನು ಸೀಕಾಕಿನ ಹಿಡಿಗೇ ತೂಗುಹಾಕಿದರೆ ಮರೆಯಲು ಅವಕಾಶವಿಲ್ಲ.

ಪಂಪಿನ ಕುತ್ತಿಗೆಯ ಕೆಳಭಾಗದಲ್ಲಿ ಸಣ್ಣ ರಂಧ್ರವೊಂದಿರುತ್ತದೆ. ಒಳಗಿನ ಸೀಲ್ ಸೋತಾಗ ನೀರು ಬೇರಿಂಗಿಗೆ ನುಗ್ಗದೆ ಅಲ್ಲಿಂದ ಹೊರಬೀಳಲಿ ಎಂದು ಅದನ್ನು ಇಟ್ಟಿರುತ್ತಾರೆ. ಅಲ್ಲಿ ತೊಟ್ಟಿಕ್ಕುವುದು ಅಥವಾ ಉಪ್ಪಿನ ಬಿಳಿ ಪದರ ಕಂಡರೆ ಬೇರಿಂಗ್ ಕಿರುಚುವ ದಿನ ದೂರವಿಲ್ಲ. ಸೋರಿಕೆ ನಿಲ್ಲಲೆಂದು ಆ ರಂಧ್ರಕ್ಕೆ ಎಂಸೀಲ್‌ನಂಥ ಅಂಟು ತುಂಬಿದ ಪಂಪನ್ನು ಒಮ್ಮೆ ನೋಡಿದ್ದೇನೆ. ಅದರ ಬೇರಿಂಗಿನಲ್ಲಿ ಗುಂಡುಗಳೇ ಉಳಿದಿರಲಿಲ್ಲ.

ಸದ್ದು ಶಾಫ್ಟಿನ ಕಡೆಯಿಂದ ಬಂದರೆ

ಇನ್‌ಬೋರ್ಡ್ ದೋಣಿಯಲ್ಲಿ ಶಾಫ್ಟ್ ಹೊರಹೋಗುವ ಜಾಗದಲ್ಲಿ ನೀರು ಒಳಬರದಂತೆ ತಡೆಯುವ ಪ್ಯಾಕಿಂಗ್ ಪೆಟ್ಟಿಗೆ ಇರುತ್ತದೆ. ಸಾಂಪ್ರದಾಯಿಕ ಹುರಿಯ ಪ್ಯಾಕಿಂಗ್ ಶಾಫ್ಟ್ ತಿರುಗುವಾಗ ನಿಮಿಷಕ್ಕೆ ಒಂದೆರಡು ಹನಿ ತೊಟ್ಟಿಕ್ಕಲೇಬೇಕು, ಆ ಹನಿಗಳೇ ಅದನ್ನು ತಂಪಾಗಿಡುತ್ತವೆ. ಒಂದು ಹನಿಯೂ ಬೇಡವೆಂದು ನಟ್ ಬಿಗಿದುಬಿಟ್ಟರೆ ಹುರಿ ಒಣಗಿ ಕಿರುಚುತ್ತದೆ, ಶಾಫ್ಟ್ ಸವೆಯುತ್ತದೆ. ಸ್ವಲ್ಪ ಹೊತ್ತು ಓಡಿಸಿ, ಎಂಜಿನ್ ನಿಲ್ಲಿಸಿ ಮುಟ್ಟಿ ನೋಡಿರಿ. ಬೆಚ್ಚಗಿದ್ದರೆ ಸರಿ, ಕೈ ಇಡಲಾಗದಷ್ಟು ಬಿಸಿಯಿದ್ದರೆ ನಟ್ಟನ್ನು ಸ್ವಲ್ಪ ಸ್ವಲ್ಪವಾಗಿ ಸಡಿಲಿಸಬೇಕು.

ಹನಿ ಬೀಳದ ಬಗೆಯ ಸೀಲ್ ಇರುವ ದೋಣಿಯನ್ನು ದಡದಿಂದ ಮತ್ತೆ ನೀರಿಗಿಳಿಸಿದ ದಿನವೇ ಕಿರುಚಿದರೆ ಸೀಲಿನೊಳಗೆ ಗಾಳಿ ಸಿಕ್ಕಿಕೊಂಡಿದೆ ಎಂದರ್ಥ. ಎಂಜಿನ್ ನಿಂತಿರುವಾಗ ಅದರ ರಬ್ಬರ್ ತಿದಿಯನ್ನು ಹಿಂದಕ್ಕೆ ಒತ್ತಿ, ನೀರು ಚಿಮ್ಮುವವರೆಗೆ ಗಾಳಿ ಬಿಡಬೇಕು. ಇನ್ನು ಪ್ರೊಪೆಲ್ಲರಿನ ಮುಂದೆ ಶಾಫ್ಟನ್ನು ಹೊತ್ತಿರುವ ರಬ್ಬರ್ ಬೇರಿಂಗ್ ನಿಧಾನ ವೇಗದಲ್ಲಿ ಮಾತ್ರ ಕಿರುಚಿ, ವೇಗ ಏರಿದಾಗ ಸುಮ್ಮನಾಗುವುದುಂಟು. ವೇಗದಲ್ಲಿ ಶಾಫ್ಟ್ ಮತ್ತು ರಬ್ಬರಿನ ನಡುವೆ ನೀರಿನ ಪದರ ನಿಲ್ಲುತ್ತದೆ, ನಿಧಾನದಲ್ಲಿ ನಿಲ್ಲುವುದಿಲ್ಲ. ಹೊಸ ಬೇರಿಂಗಾದರೆ ಕೆಲವು ದಿನ ಕಾದು ನೋಡಬಹುದು. ಹಳೆಯದಾದರೆ ದೋಣಿ ಮೇಲೆತ್ತಿದಾಗ ಶಾಫ್ಟನ್ನು ಅಲ್ಲಾಡಿಸಿ ಸಡಿಲವಿದೆಯೇ ನೋಡಬೇಕು.

ಸ್ಟರ್ನ್‌ಡ್ರೈವಿನಲ್ಲಿ ತಿರುವು ತೆಗೆದುಕೊಂಡಾಗ ಹೆಚ್ಚಾಗುವ ಗೊರಗೊರ ಅಥವಾ ಕೀರಲು, ಎಂಜಿನ್ನಿನಿಂದ ಡ್ರೈವಿಗೆ ಹೋಗುವ ಶಾಫ್ಟನ್ನು ಹೊತ್ತ ಗಿಂಬಲ್ ಬೇರಿಂಗಿನದು. ಅದನ್ನು ಬದಲಿಸಲು ಡ್ರೈವ್ ಕಳಚಬೇಕು, ವಿಶೇಷ ಉಪಕರಣಗಳೂ ಬೇಕು; ಕಳಚಿದಾಗ ರಬ್ಬರ್ ತಿದಿ ಹರಿದಿದೆಯೇ ನೋಡಲೇಬೇಕು, ಏಕೆಂದರೆ ಆ ಬೇರಿಂಗಿಗೆ ನೀರು ನುಗ್ಗುವ ಹಾದಿಯೇ ಅದು. ಇದು ಅನುಭವಿ ಮೆಕ್ಯಾನಿಕ್ ಮಾಡಬೇಕಾದ ಕೆಲಸವೆಂದು ನನ್ನ ಅಭಿಪ್ರಾಯ. ಔಟ್‌ಬೋರ್ಡಿನಲ್ಲಿ ಹೊರಗೆ ಕಾಣುವ ಬೆಲ್ಟುಗಳೇ ಕಡಿಮೆಯಾದ್ದರಿಂದ ಕೀರಲು ಸದ್ದೆಂದರೆ ಬಹುತೇಕ ನೀರಿನ ಪಂಪು, ಇಲ್ಲವೇ ಎಚ್ಚರಿಕೆಯ ಬಝರ್. ಪಕ್ಕದ ಸಣ್ಣ ಕಿಂಡಿಯಿಂದ ನೀರಿನ ಧಾರೆ ಬರುತ್ತಿದೆಯೇ ಎಂಬುದೇ ಮೊದಲ ಪರೀಕ್ಷೆ.

ನಡುನೀರಿನಲ್ಲಿ ಸದ್ದು ಶುರುವಾದರೆ

ಮೊದಲು ತಾಪಮಾನದ ಮುಳ್ಳು, ಆಮೇಲೆ ಹೊಗೆಕೊಳವೆಯ ನೀರು. ಎರಡರಲ್ಲಿ ಯಾವುದು ತಪ್ಪಿದ್ದರೂ ಸುರಕ್ಷಿತ ಜಾಗದಲ್ಲಿ ಲಂಗರು ಹಾಕಿ ಎಂಜಿನ್ ನಿಲ್ಲಿಸಬೇಕು. ಎರಡೂ ಸರಿಯಿದ್ದು ಬೆಲ್ಟ್ ಮಾತ್ರ ಕಿರುಚುತ್ತಿದ್ದರೆ ಫ್ರಿಜ್, ದೀಪ, ಇನ್ವರ್ಟರುಗಳನ್ನು ಆರಿಸಿ, ವೇಗ ಇಳಿಸಿ ದಡದ ಕಡೆಗೆ ಸಾಗಬಹುದು. ಹೊರೆ ಇಳಿದಂತೆ ಸದ್ದು ಇಳಿದರೆ ತಲುಪುವವರೆಗೆ ಬೆಲ್ಟ್ ಬಾಳುವ ಸಂಭವ ಹೆಚ್ಚು. ಸುಟ್ಟ ರಬ್ಬರಿನ ವಾಸನೆ ಬಂದರೆ ಮುಂದುವರಿಯುವುದು ಬೇಡ, ಏಕೆಂದರೆ ಯಾವುದೋ ಬೇರಿಂಗ್ ಪೂರ್ತಿ ಸಿಕ್ಕಿಕೊಂಡು ಬೆಲ್ಟ್ ಅದರ ಮೇಲೆ ಉರಿಯುತ್ತಿರಬಹುದು.

ಬೆಲ್ಟ್ ಹರಿದೇ ಹೋದರೆ ಅದು ಏನೇನನ್ನು ತಿರುಗಿಸುತ್ತಿತ್ತು ಎಂಬುದರ ಮೇಲೆ ಎಲ್ಲವೂ ನಿಂತಿದೆ. ಕೇವಲ ಆಲ್ಟರ್ನೇಟರ್ ಆಗಿದ್ದರೆ ಡೀಸೆಲ್ ಎಂಜಿನ್ ಬ್ಯಾಟರಿ ತುಂಬದೆಯೂ ಬಹಳ ಹೊತ್ತು ಓಡಬಲ್ಲದು. ನೀರಿನ ಪಂಪೂ ಸೇರಿದ್ದರೆ ಬೆಲ್ಟ್ ಹಾಕದೆ ಎಂಜಿನ್ ಓಡಿಸುವಂತಿಲ್ಲ. ಒಂದು ಬೆಲ್ಟ್, ಒಂದು ಇಂಪೆಲ್ಲರ್, ಅದರ ಗ್ಯಾಸ್ಕೆಟ್, ಮತ್ತು ಇವುಗಳನ್ನು ಬಿಚ್ಚಲು ಬೇಕಾದಷ್ಟೇ ಸ್ಪ್ಯಾನರುಗಳನ್ನು ಒಂದೇ ಚೀಲದಲ್ಲಿ ಕಟ್ಟಿ ಎಂಜಿನ್ನಿನ ಹತ್ತಿರವೇ ಇಡಿ, ಬಿಡಿಭಾಗಗಳ ಸಂಖ್ಯೆಯನ್ನು ಮುಚ್ಚಳದ ಒಳಮೈಯಲ್ಲಿ ಬಣ್ಣದಿಂದ ಬರೆದಿಡಿ. ದಡದಲ್ಲಿ ಕಟ್ಟಿದ ದೋಣಿಯಲ್ಲಿ, ಹಗಲಿನಲ್ಲಿ, ಒಮ್ಮೆ ಆ ಚೀಲದಲ್ಲಿರುವುದನ್ನಷ್ಟೇ ಬಳಸಿ ಬೆಲ್ಟ್ ಬಿಚ್ಚಿ ಹಾಕಿ ನೋಡಿ. ನಾನು ಹಾಗೆ ಮಾಡಿದ ದಿನವೇ ಗೊತ್ತಾದದ್ದು, ಆಲ್ಟರ್ನೇಟರಿನ ಕೆಳಗಿನ ಬೋಲ್ಟಿಗೆ ಬೇಕಾದ ಸ್ಪ್ಯಾನರ್ ಚೀಲದಲ್ಲಿ ಇರಲೇ ಇಲ್ಲ ಎಂಬುದು.